ಕಾಲಾಳು ಬಲಿಗೆ ಪೂರ್ವಾನುಮತಿ

ಬೀದಿ ದೀಪ ಇಲಾಖೆಯು ಅಂತರ-ಇಲಾಖಾ ಚೆಸ್ ಸ್ಪರ್ಧೆಯಲ್ಲಿ ಅಂದಿನವರೆಗೆ ಒಂದು ಆಟವನ್ನೂ ಸೋತಿರಲಿಲ್ಲ. ಗೆದ್ದೂ ಇರಲಿಲ್ಲ. ಈ ನಿಷ್ಕಳಂಕ ದಾಖಲೆಯ ಕೀರ್ತಿ ಇಲಾಖೆಯ ಶೀಘ್ರಲಿಪಿಗಾರ್ತಿಗೆ ಸಲ್ಲತಕ್ಕದ್ದು. ಅವರನ್ನು ಎಲ್ಲರೂ ಡ್ರಾ ಮೇಡಂ ಎಂದೇ ಕರೆಯುತ್ತಿದ್ದರು.

ಮೇಡಂಗೆ ಆಟ ಕಲಿಸಿದವರು ಅವರ ಮಾವ. ಮದುವೆಯಾಗಿ ಬಂದ ಹೊಸತರಲ್ಲೇ ಸೊಸೆಯನ್ನು ಮಣೆಯ ಮುಂದೆ ಕೂರಿಸಿಕೊಂಡು, "ಗೆದ್ರೆ ಎದುರಿಗಿರೋರಿಗೆ ಬೇಜಾರು, ಸೋತ್ರೆ ನಮಗೆ ಬೇಜಾರು. ಸಮ ಮಾಡ್ಕೊಂಡ್ರೆ ಯಾರಪ್ಪನ ಮನೆ ಗಂಟೂ ಹೋಗಲ್ಲಮ್ಮ" ಎಂದಿದ್ದರು. ಮೇಡಂ ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದರು. ಬೇರೆ ಇಲಾಖೆಗಳು ಆಟಗಾರರನ್ನೇ ಕಳಿಸದ ಕಾರಣ ಪ್ರತಿ ವರ್ಷ ನೇರವಾಗಿ ಫೈನಲ್ಲಿನಲ್ಲಿ ಒಳಚರಂಡಿ ಇಲಾಖೆಯ ಹಿರಿಯ ಎಂಜಿನಿಯರ್ ಎದುರಾಗುತ್ತಿದ್ದರು. ಯಾವುದಕ್ಕೂ ಆತುರಪಡದ ಅವರನ್ನು ಕಚೇರಿಗಳಲ್ಲಿ ಸಮಾಧಾನ ಸಾರ್ ಅನ್ನುತ್ತಿದ್ದರು. ಇಬ್ಬರೂ ನಾಲ್ಕು ನಡೆ ನಡೆಸಿ, ಕೈ ಕುಲುಕಿ, ಚಹಾ ಕುಡಿಯಲು ಎದ್ದು ಹೋಗುತ್ತಿದ್ದರು.

ಆ ವರ್ಷ ಸುತ್ತೋಲೆಯೊಂದು ಬಂತು. ಗೆದ್ದ ಇಲಾಖೆಗೆ ಮೂರನೇ ಮಹಡಿಯ, ಸಾಲುಸಾಲು ಕಿಟಕಿಗಳಿರುವ ಸಭಾಂಗಣವನ್ನು ಕಚೇರಿಯಾಗಿ ಕೊಡಲಾಗುವುದು. ಬೀದಿ ದೀಪ ಇಲಾಖೆ ಇದ್ದದ್ದು ನೆಲಮಾಳಿಗೆಯಲ್ಲಿ. ಊರಿಗೆಲ್ಲ ಬೆಳಕು ಹಂಚುವ ಸಿಬ್ಬಂದಿ ಹೊರಗೆ ಬಿಸಿಲಿದೆಯೋ ಮೋಡವಿದೆಯೋ ತಿಳಿಯದೆ, ಒಳಬರುವವರ ಕೊಡೆ ನೋಡಿ ಹವಾಮಾನ ಅಂದಾಜು ಮಾಡುತ್ತಿದ್ದರು.

ನಿರ್ದೇಶಕರು ಮೇಡಂರನ್ನು ಕರೆಸಿದರು.

"ಈ ಸಲ ಆಕ್ರಮಣ ಮಾಡ್ಬೇಕು."

"ನನಗೆ ಬರಲ್ಲ ಸಾರ್."

"ಬರಲ್ಲ ಅಂತ ಗೊತ್ತಿದ್ದೇ ಚೆಸ್ ಎಂಜಿನ್ ತರಿಸ್ತಿದ್ದೀನಿ. ಅದು ಹೇಳಿಕೊಡುತ್ತೆ."

ಎಂಜಿನ್ ಎಂಬುದು ಯಾರು ಬೇಕಾದರೂ ಪುಕ್ಕಟೆಯಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದಾದ ತಂತ್ರಾಂಶ. ತೊಡಕಾದದ್ದೇ ಅಲ್ಲಿ. ಇಲಾಖೆಯ ಖರೀದಿ ನಿಯಮದಲ್ಲಿ 'ಎಂಜಿನ್' ಎಂಬ ಪದ ವಾಹನಗಳ ಅಧ್ಯಾಯದಲ್ಲಿ ಮಾತ್ರ ಇತ್ತು. ಆದ್ದರಿಂದ ಅದನ್ನು ವಾಹನವೆಂದು ಪರಿಗಣಿಸಲಾಯಿತು. ವಾಹನವಿದ್ದ ಮೇಲೆ ಚಾಲಕನಿರಬೇಕು. ಜೀಪು ಕೆಟ್ಟು ನಿಂತಾಗಿನಿಂದ ಬೆಂಚಿನ ಮೇಲೆ ಕೂತೇ ಸವೆದಿದ್ದ ಚಾಲಕ ಗೇರಣ್ಣನನ್ನು ಎಂಜಿನ್ನಿಗೆ ನಿಯೋಜಿಸಲಾಯಿತು. ಆತ ಖಾಕಿ ಅಂಗಿಯನ್ನು ಇಸ್ತ್ರಿ ಮಾಡಿಸಿಕೊಂಡು ಬಂದು, ಕಂಪ್ಯೂಟರಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತ. ನಿಯಮದ ಪ್ರಕಾರ ಮೇಡಂ ಪಕ್ಕದ ಸೀಟಿನಲ್ಲಿ ಕೂರಬೇಕಿತ್ತು.

ಎಂಜಿನ್ ಪ್ರತಿ ನಡೆಗೂ ಒಂದು ಅಂಕಿ ಕೊಡುತ್ತಿತ್ತು. ಸೊನ್ನೆಗಿಂತ ಮೇಲಿದ್ದರೆ ನಮಗೆ ಅನುಕೂಲ, ಕೆಳಗಿದ್ದರೆ ಎದುರಾಳಿಗೆ. ಪಟ್ಟಿ ಮಾಡಿ ಮೊದಲ ಸ್ಥಾನಗಳಲ್ಲಿ ಅದು ತೋರಿಸಿದ ನಡೆಗಳೆಲ್ಲ ಮೇಡಂ ಮೊದಲಿನಿಂದಲೂ ಆಡುತ್ತಿದ್ದವೇ. ಅವುಗಳ ದಾರಿ ಹಿಡಿದು ಹೋದರೆ ಕೊನೆಗೆ ಸಿಗುವುದು ಡ್ರಾ.

"ಇದು ಮೇನ್ ರೋಡು ಮೇಡಂ," ಎಂದ ಗೇರಣ್ಣ. "ಎಲ್ರೂ ಇಲ್ಲೇ ಬರ್ತಾರೆ. ಓವರ್‌ಟೇಕ್ ಮಾಡಕ್ಕಾಗಲ್ಲ. ಸಂದಿಗೊಂದಿ ನೋಡಣ್ವಾ?"

ಸಂದಿ ಹುಡುಕುತ್ತ ಹೋದಾಗ ಪಟ್ಟಿಯ ಐದನೇ ಸ್ಥಾನದಲ್ಲಿ ಒಂದು ನಡೆ ಕಂಡಿತು. ರಾಜನ ಪಕ್ಕದ ಕಾಲಾಳನ್ನು ಆರಂಭದಲ್ಲೇ ಎದುರಾಳಿಯ ಬಾಯಿಗೆ ಕೊಟ್ಟುಬಿಡುವುದು. ಅಂಕಿ ಸೊನ್ನೆಗಿಂತ ತುಸು ಕೆಳಗಿತ್ತು. ಆದರೆ ಮೇಡಂ ಎದುರಾಳಿಯ ಒಂದೊಂದೇ ಉತ್ತರ ಹಾಕಿ ನೋಡಿದಾಗ ಎಂಜಿನ್ ಗುಟ್ಟು ಬಿಟ್ಟುಕೊಟ್ಟಿತು. ಸಿಕ್ಕಿದ ಕಾಲಾಳಿನ ಲಾಭ ಉಳಿಸಿಕೊಳ್ಳಲು ಯಾರಾದರೂ ಸಹಜವಾಗಿ ಆಡುವ ಯಾವ ನಡೆ ಆಡಿದರೂ ಅಂಕಿ ಜಿಗಿದು ಮೇಲೇರುತ್ತಿತ್ತು. ಪಾರಾಗಲು ಇದ್ದದ್ದು ಒಂದೇ ದಾರಿ: ರಾಣಿಯನ್ನು ಬಾಲ ಮುದುರಿಸಿ ಮನೆಗೆ ಕಳಿಸುವುದು. ಮರ್ಯಾದೆ ಇರುವ ಯಾವ ಆಟಗಾರನಿಗೂ ಅದು ತೋಚುವಂತಿರಲಿಲ್ಲ.

ಮೇಡಂ ಕಿವಿ ಬಿಸಿಯಾಯಿತು. ಹೀಗೆ ಕೊಟ್ಟು ಕೆಡಿಸುವ ಸುಖ ಅವರಿಗೆ ಹೊಸದು. ಅಂದು ಸಂಜೆ ಮಾವನ ಮೇಲೆ ಆ ನಡೆ ಪ್ರಯೋಗಿಸಿದರು. ಮಾವ ಕಾಲಾಳು ತಿಂದರು, ಖುಷಿಪಟ್ಟರು, ಆಮೇಲೆ ಅವರ ರಾಜ ಮಣೆಯ ನಟ್ಟನಡುವೆ ಬಂದು ಸತ್ತ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಆಫೀಸಲ್ಲಿ ಯಾರಾದ್ರೂ ಏನಾದ್ರೂ ಅಂದ್ರೇನಮ್ಮ?"

"ಇಲ್ಲ ಮಾವ."

"ಹಾಗಾದ್ರೆ ಇನ್ನೊಂದಾಟ ಹಾಕು."

ನಿರ್ದೇಶಕರಿಗೆ ಎರಡು ಆಕ್ಷೇಪಗಳಿದ್ದವು. ಮೊದಲನೆಯದು, ಐದನೇ ಸ್ಥಾನದಲ್ಲಿರುವುದನ್ನು ಆರಿಸಿದರೆ ಲೆಕ್ಕಪರಿಶೋಧಕರು ಬಿಡುವುದಿಲ್ಲ. ಅದಕ್ಕೆ ಮೇಡಂ, ಮೊದಲ ನಾಲ್ಕು ನಡೆಗಳಿಗೆ ಆಕ್ರಮಣದ ಅರ್ಹತೆ ಇಲ್ಲವಾದ್ದರಿಂದ ಅವುಗಳನ್ನು ತಿರಸ್ಕರಿಸಲಾಗಿದೆ ಎಂದು ಬೆರಳಚ್ಚು ಮಾಡಿ ತಂದರು. ನಿರ್ದೇಶಕರಿಗೆ ವಾಕ್ಯ ಹಿಡಿಸಿತು.

ಎರಡನೆಯದು ಗಟ್ಟಿ ಆಕ್ಷೇಪ.

"ಕಾಲಾಳು ಸರ್ಕಾರಿ ಸ್ವತ್ತು. ಸುಸ್ಥಿತಿಯಲ್ಲಿರೋ ಸ್ವತ್ತನ್ನ ಬೇರೆ ಇಲಾಖೆಗೆ ಬಿಟ್ಟುಕೊಡೋಕೆ ನಿಮಗ್ಯಾರು ಅಧಿಕಾರ ಕೊಟ್ರು?"

"ಬಲಿ ಕೊಡೋದು ಸಾರ್. ಆಟದಲ್ಲಿ."

"ಬಲಿಗೆ ಪೂರ್ವಾನುಮತಿ ಬೇಕು."

ಅನುಮತಿ ಕೊಡಬೇಕಾದರೆ ವಸ್ತು ನಿರುಪಯುಕ್ತವೆಂದು ಉಗ್ರಾಣಾಧಿಕಾರಿ ದೃಢೀಕರಿಸಬೇಕಿತ್ತು. ಆತ ಕಾಲಾಳನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೇಜಿನ ಮೇಲೆ ಉರುಳಿಸಿ, "ಹಿಂದಕ್ಕೆ ಚಲಿಸುವ ಶಕ್ತಿಯಿಲ್ಲ" ಎಂದು ಷರಾ ಬರೆದು ಸಹಿ ಹಾಕಿದ. ನಿರುಪಯುಕ್ತ ವಸ್ತುವನ್ನು ಬಳಕೆಯಲ್ಲಿಡುವಂತಿಲ್ಲವಾದ್ದರಿಂದ ಅದನ್ನು ಲಕೋಟೆಯಲ್ಲಿ ಹಾಕಿ ಅರಗಿನ ಮುದ್ರೆ ಒತ್ತಲಾಯಿತು.

ಸ್ಪರ್ಧೆಯ ಸಭಾಂಗಣಕ್ಕೆ ಎಂಜಿನ್ ತರುವಂತಿರಲಿಲ್ಲ. ಅದು ನ್ಯಾಯವೇ. ಗೇರಣ್ಣ ಕಂಪ್ಯೂಟರನ್ನು ಹೊತ್ತು ತಂದು, ವಾಹನ ನಿಲುಗಡೆಯಲ್ಲಿ ಎರಡು ಕಾರುಗಳ ನಡುವೆ ಇಟ್ಟು, ಪಕ್ಕದಲ್ಲೇ ಕಾಯುತ್ತ ನಿಂತ.

ಮೇಡಂ ಬಿಳಿ ಕಾಯಿಗಳ ಹಿಂದೆ ಕೂತು ಮೊದಲ ನಡೆ ನಡೆಸಿ ಗಡಿಯಾರ ಒತ್ತಿದರು. ಸಮಾಧಾನ ಸಾರ್ ಮಣೆಯನ್ನೇ ನೋಡುತ್ತಿದ್ದರು.

"ಮೇಡಂ, ನಿಮ್ಮದೊಂದು ಕಾಲಾಳು ಕಮ್ಮಿ ಇದೆ."

ಹಿಂದೆ ನಿಂತಿದ್ದ ನಿರ್ದೇಶಕರು ಲಕೋಟೆ ಮುಂದಿಟ್ಟರು. "ಅದನ್ನ ನಿಮಗೆ ಬಲಿ ಕೊಟ್ಟಾಗಿದೆ. ಸ್ವೀಕೃತಿಗೆ ಇಲ್ಲೊಂದು ಸಹಿ ಹಾಕಿ."

"ನಾನು ಹೊಡೆದೇ ಇಲ್ವಲ್ಲ ಸಾರ್."

"ಹೊಡೆಯೋ ತೊಂದರೆ ನಿಮಗ್ಯಾಕೆ ಅಂತ ನಾವೇ ತಂದಿದ್ದೀವಿ."

ತೀರ್ಪುಗಾರರು ತೋಟಗಾರಿಕೆ ಇಲಾಖೆಯವರು. ಲಕೋಟೆಯ ಜೊತೆಗಿದ್ದ ಉಗ್ರಾಣದ ಪ್ರಮಾಣಪತ್ರವನ್ನು ಎರಡು ಸಲ ಓದಿ, ಕಾಗದಪತ್ರಗಳು ಕ್ರಮಬದ್ಧವಾಗಿವೆ, ಸ್ವೀಕೃತಿ ಕೊಡದೆ ಆಟ ಮುಂದುವರಿಸುವಂತಿಲ್ಲ ಎಂದರು. ಸಮಾಧಾನ ಸಾರ್ ಮುಖ ಸಪ್ಪಗಾಯಿತು. ಬೇರೆ ಇಲಾಖೆಯ ಸ್ವತ್ತು ಪಡೆಯುವ ಅಧಿಕಾರ ಅವರಿಗಿರಲಿಲ್ಲ. ಮೇಲಧಿಕಾರಿಗೆ ಫೋನ್ ಮಾಡಿದರು. ಸಾಹೇಬರು ಮೀಟಿಂಗಿನಲ್ಲಿದ್ದರು. ಮತ್ತೆ ಮಾಡಿದರು. ಮೀಟಿಂಗ್ ಮುಗಿದು ಇನ್ನೊಂದು ಮೀಟಿಂಗ್ ಶುರುವಾಗಿತ್ತು. ಗಡಿಯಾರ ತನ್ನ ಪಾಡಿಗೆ ಓಡಿ, ಅವರ ಸಮಯ ಮುಗಿಯಿತು.

ಬೀದಿ ದೀಪ ಇಲಾಖೆ ಗೆದ್ದಿತು. ಒಂದೇ ನಡೆಯಲ್ಲಿ ಬಂದ ಈ ಜಯವನ್ನು ನಿರ್ದೇಶಕರು ಎಂಜಿನ್ ತಂತ್ರಜ್ಞಾನದ ಸಾಧನೆ ಎಂದು ಪ್ರಕಟಣೆ ಹೊರಡಿಸಿದರು.

ಹಾರ ಹಾಕಿಸಿಕೊಂಡು ಹೊರಬಂದ ಮೇಡಂಗೆ ಅಳು ಒತ್ತರಿಸಿಕೊಂಡು ಬಂತು. ಕಲಿತ ಆಕ್ರಮಣವೆಲ್ಲ ಬೆರಳ ತುದಿಯಲ್ಲೇ ಉಳಿದುಹೋಗಿತ್ತು. ಮೆಟ್ಟಿಲ ಬಳಿ ಸಮಾಧಾನ ಸಾರ್ ಎರಡು ಲೋಟ ಚಹಾ ಹಿಡಿದು ನಿಂತಿದ್ದರು.

"ನಿಜವಾಗ್ಲೂ ಏನು ಆಡ್ಬೇಕು ಅಂತಿದ್ರಿ?"

"ತೋರಿಸ್ಲಾ?"

ಮೆಟ್ಟಿಲ ತಿರುವಿನಲ್ಲಿ ಮಣೆ ಹಾಸಿದರು. ಲಕೋಟೆಯಲ್ಲಿದ್ದ ಕಾಲಾಳಿನ ಜಾಗಕ್ಕೆ ಪೆನ್ನಿನ ಮುಚ್ಚಳ ನಿಲ್ಲಿಸಿದರು. ಮೇಡಂ ಮುಚ್ಚಳ ಮುಂದೊತ್ತಿದರು. ಸಮಾಧಾನ ಸಾರ್ ಅದನ್ನು ಹೊಡೆದು, ಎಲ್ಲರಂತೆಯೇ ಆ ಲಾಭ ಉಳಿಸಿಕೊಳ್ಳಲು ನೋಡಿದರು. ಚಹಾ ಆರುವಷ್ಟರಲ್ಲಿ ಅವರ ರಾಜನಿಗೆ ನಿಲ್ಲಲು ನೆಲೆಯಿರಲಿಲ್ಲ.

"ಅಬ್ಬಾ," ಎಂದರು ಅವರು ಮೆಲ್ಲಗೆ. "ಇಷ್ಟು ವರ್ಷ ಇದನ್ನೆಲ್ಲಿ ಬಚ್ಚಿಟ್ಟಿದ್ರಿ ಮೇಡಂ?"

ಮುಂದಿನ ತಿಂಗಳು ಇಲಾಖೆ ಮೂರನೇ ಮಹಡಿಗೆ ಬಂತು. ಕಿಟಕಿಯ ಬಿಸಿಲಿಗೆ ಎಂಜಿನ್ನಿನ ಪರದೆ ಕಾಣಿಸುತ್ತಿಲ್ಲವೆಂದು ಗೇರಣ್ಣ ಲಿಖಿತ ದೂರು ಕೊಟ್ಟ. ಗೆದ್ದುಕೊಟ್ಟ ಎಂಜಿನ್ನಿಗೆ ತೊಂದರೆಯಾಗಬಾರದಲ್ಲ. ಎಲ್ಲ ಕಿಟಕಿಗಳಿಗೂ ದಪ್ಪನೆಯ ಪರದೆ ಹಾಕಿ ಹಗಲಿಡೀ ದೀಪ ಉರಿಸಲಾಯಿತು. ಸಿಬ್ಬಂದಿಗೆ ಹಳೆಯ ಜಾಗದಂತೆಯೇ ಅನ್ನಿಸಿ ಮನಸ್ಸಿಗೆ ಹಾಯೆನಿಸಿತು. ಉಳಿದ ಇಲಾಖೆಗಳೂ ಒಂದೊಂದು ಎಂಜಿನ್ ತರಿಸಿ, ಚಾಲಕರನ್ನು ನೇಮಿಸಿ, ಮುಂದಿನ ಸ್ಪರ್ಧೆಗೆ ಕುದುರೆ ಆನೆಗಳನ್ನೂ ನಿರುಪಯುಕ್ತಗೊಳಿಸಲು ಅರ್ಜಿ ಹಾಕಿದವು.

ಮೇಡಂ ಮತ್ತು ಸಮಾಧಾನ ಸಾರ್ ಊಟದ ವಿರಾಮದಲ್ಲಿ ಮೆಟ್ಟಿಲ ತಿರುವಿನಲ್ಲೇ ಆಡುತ್ತಾರೆ. ಇಡೀ ಕಟ್ಟಡದಲ್ಲಿ ಬಿಸಿಲು ಬೀಳುವ ಜಾಗ ಈಗ ಅದೊಂದೇ. ಒಮ್ಮೆ ನಿರ್ದೇಶಕರು ಇಳಿದು ಬರುವ ಹೊತ್ತಿಗೆ ಮೇಡಂ ತಮ್ಮ ರಾಣಿಯನ್ನೇ ಕೊಟ್ಟು ಕೂತಿದ್ದರು. ಅವರು ನಿಂತು ನೋಡಿದರು.

"ಇದಕ್ಕೆ ಅನುಮತಿ ಇದೆಯಾ?"

"ಇದೆ ಸಾರ್," ಎಂದರು ಮೇಡಂ, ಮಣೆಯಿಂದ ಕಣ್ಣು ತೆಗೆಯದೆ. "ನಾನೇ ಕೊಟ್ಟಿದ್ದೀನಿ."

ನಿರ್ದೇಶಕರು ಸಮಾಧಾನ ಸಾರ್ ಕಡೆ ತಿರುಗಿದರು. "ಸ್ವೀಕೃತಿ?"

"ಬೇರೆ ದಾರಿಯೇ ಇಲ್ಲ ಸಾರ್."

ಎಲ್ಲವೂ ಕ್ರಮಬದ್ಧವಾಗಿದೆ ಎಂದು ತಲೆಯಾಡಿಸಿ, ನಿರ್ದೇಶಕರು ಕಾಯಿಗಳನ್ನು ತುಳಿಯದಂತೆ ಪಂಚೆ ಎತ್ತುವವರ ಹಾಗೆ ಪ್ಯಾಂಟು ಎತ್ತಿ ಹಿಡಿದು, ಮಣೆಯನ್ನು ದಾಟಿ ಕೆಳಗಿಳಿದು ಹೋದರು.