ಹೆಲಿಕಾಪ್ಟರಿಗೆ ನಾನು ಕೈಸನ್ನೆ ಮಾಡಿದ್ದು

ಹೊಸನಗರದ ಶಾಲೆಯಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದ ಕಾಲ. ಸಾಗರದ ಕಡೆಯ ಹೊಸ ಅಣೆಕಟ್ಟಿನಿಂದ ಕರೆಂಟಿನ ತಂತಿ ಎಳೆಯುತ್ತಿದ್ದರು. ನಮ್ಮ ಗುಡ್ಡದ ನೆತ್ತಿಗೆ ರಸ್ತೆಯಿಲ್ಲ. ಆದ್ದರಿಂದ ಸಾಮಾನನ್ನು ಹೆಲಿಕಾಪ್ಟರಿನ ಕೆಳಗೆ ಹಗ್ಗದಲ್ಲಿ ತೂಗುಹಾಕಿ ತರುವುದೆಂದು ಗೊತ್ತಾಯಿತು. ಅಷ್ಟರಲ್ಲಿ, ನೆಲದ ಮೇಲೆ ನಿಂತು ಕೈಸನ್ನೆ ಮಾಡಬೇಕಾದವನು ಜ್ವರ ಬಂದು ಮಲಗಿದ. ಕೈ ಎತ್ತುವ, ಇಳಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ತಾಲ್ಲೂಕಿನಲ್ಲೇ ಇರಲಿಲ್ಲ. ತಕ್ಷಣ ಒಪ್ಪಿಕೊಂಡೆ!

ಒಪ್ಪಲು ಇನ್ನೊಂದು ಕಾರಣವೂ ಇತ್ತು. ತೀರ್ಥಹಳ್ಳಿಯಿಂದ ಮಾವ ಬಂದಿದ್ದರು. ಮದುವೆಯಾದಂದಿನಿಂದ ಅವರು ನನ್ನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತಾಡಿರಲಿಲ್ಲ. "ಮಕ್ಕಳನ್ನ ಬಿಸಿಲಲ್ಲಿ ಕುಣಿಸೋದೂ ಒಂದು ಉದ್ಯೋಗವಾ?" ಎಂದು ಕೇಳುತ್ತಿದ್ದರು. ಹೆಲಿಕಾಪ್ಟರನ್ನೇ ಕುಣಿಸಿ ಉತ್ತರ ಕೊಡುವುದೆಂದು ತೀರ್ಮಾನಿಸಿದೆ.

ಪೈಲಟ್ ಮೈಸೂರಿನ ಕಡೆಯವರು. ಹಿಂದಿನ ದಿನವೇ ಬಂದು ಪಾಠ ಹೇಳಿದರು. "ಹಾರುವಾಗ ಬಾಗಿಲಿಂದ ತಲೆ ಹೊರಗೆ ಹಾಕಿ ಹೊರೆಯನ್ನೇ ನೋಡ್ತಿರ್ತೀನಿ ಮೇಷ್ಟ್ರೇ. ಕೊನೇಲಿ ಧೂಳೆದ್ದರೆ ನೆಲ ಕಾಣಲ್ಲ, ಆಗ ನಿಮ್ಮ ಕೈಯೇ ಗತಿ. ಚಾಚಿದ್ರೆ ನಿಲ್ತೀನಿ, ಮೇಲೆತ್ತಿದ್ರೆ ಏರ್ತೀನಿ, ಕೆಳಗೆ ತಂದ್ರೆ ಇಳೀತೀನಿ. ಹೊರೆ ನೆಲಕ್ಕೆ ತಾಗೋವರೆಗೆ ಅದನ್ನ ಮುಟ್ಬೇಡಿ, ಹಾರ್ತಾ ಹಾರ್ತಾ ಅದಕ್ಕೆ ಕರೆಂಟ್ ಏರಿರತ್ತೆ, ಶಾಕ್ ಹೊಡೆಯತ್ತೆ. ಮತ್ತೆ, ಬಿಗಿಯಾದ ಬಟ್ಟೆ ಹಾಕ್ಕೊಳ್ಳಿ."

ಬೆಳಿಗ್ಗೆ ಖಾಕಿ ಚಡ್ಡಿ ಹಾಕಲು ಹೊರಟರೆ ನನ್ನ ಹೆಂಡತಿ ಅಡ್ಡ ಬಂದಳು.

"ನೋಡಕ್ಕೆ ಅಪ್ಪನೂ ಬರ್ತಾರೆ. ಚಡ್ಡಿ ಹಾಕ್ಕಂಡು ನಿಂತ್ರೆ ಎಂತ ಚಂದ ಮಾರಾಯ್ರೆ? ಪಂಚೆ ಉಟ್ಕಳಿ!"

ಉಟ್ಟುಕೊಂಡೆ. ಗುಡ್ಡ ಹತ್ತಲು ಅದನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದೆ.

ಹೆಲಿಕಾಪ್ಟರ್ ಬಂತು. ಕೆಳಗೆ ಬಲೆಯಲ್ಲಿ ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ತಂತಿ ತೂಗುಹಾಕುವ ಪಿಂಗಾಣಿ ಬಿಲ್ಲೆಗಳು. ಗಾಳಿಗೆ ಹೊರೆ ಜೋಲಿ ಹೊಡೆಯುತ್ತಿತ್ತು. ಪೈಲಟ್ ಅದರೊಂದಿಗೆ ಜಗ್ಗಾಡಲಿಲ್ಲ. ಹೊರೆ ಹೋದ ಕಡೆಗೇ ತಾವೂ ಮೆಲ್ಲನೆ ಸರಿದು ಅದರ ನೆತ್ತಿಯ ಮೇಲೆ ನಿಂತರು. ಹೊರೆ ಸುಮ್ಮನಾಯಿತು. ತೊಟ್ಟಿಲು ನಿಲ್ಲಿಸುವ ತಾಯಿಯ ಕೈಯಲ್ಲೂ ಅಂಥ ನಯ ನಾನು ಕಂಡಿಲ್ಲ. ಎರಡೂ ಕೈ ಚಾಚಿದೆ. ಅಷ್ಟು ದೊಡ್ಡ ಯಂತ್ರ ಆಕಾಶದಲ್ಲಿ ನಿಂತೇಬಿಟ್ಟಿತು. ನನ್ನ ಮಾತಿಗೆ!

ಅದೇ ಗಳಿಗೆಯಲ್ಲಿ ಮಾವ ಏದುಸಿರು ಬಿಡುತ್ತಾ, ಮಗಳೊಂದಿಗೆ ಗುಡ್ಡ ಹತ್ತಿ ಸೀದಾ ನನ್ನೆದುರಿಗೆ ಬಂದರು. ಹಿರಿಯರ ಮುಂದೆ ಪಂಚೆ ಎತ್ತಿ ಕಟ್ಟಿಕೊಂಡು ನಿಲ್ಲುವುದುಂಟೇ? ನನ್ನ ಎರಡೂ ಕೈ ತಾವಾಗಿಯೇ ಕೆಳಗೆ ಹೋಗಿ ಪಂಚೆಯನ್ನು ಇಳಿಬಿಟ್ಟವು.

ಹೊರೆಯೂ ಇಳಿಯತೊಡಗಿತು. ಕೆಳಗೆ ಮಾವ!

"ರೀ! ಕೈ ಎತ್ರೀ!" ಎಂದು ಹೆಂಡತಿ ಕಿರುಚಿದಳು.

ಎತ್ತಿದೆ. ಹೊರೆ ಏರಿತು, ಹೆಲಿಕಾಪ್ಟರಿನ ಗಾಳಿಗೆ ಪಂಚೆಯೂ ಏರಿತು. ಪಂಚೆ ಹಿಡಿಯಲು ಕೈ ಇಳಿಸಿದೆ, ಹೊರೆ ಇಳಿಯಿತು. ಹೀಗೆ ನಾನು, ಪಂಚೆ ಮತ್ತು ಹೆಲಿಕಾಪ್ಟರ್ ಮೂವರೂ ಸೇರಿ ಶಿಸ್ತಾಗಿ ಡ್ರಿಲ್ ಮಾಡಿದೆವು. ಕೊನೆಗೆ ಪಂಚೆ ಮೇಗರವಳ್ಳಿಯ ದಿಕ್ಕಿಗೆ ಹಾರಿಹೋಯಿತು. ಮಾವನೆದುರು ನಾನು ಚಡ್ಡಿಯಲ್ಲೇ ನಿಂತಿದ್ದೆ. ಅದೂ ಖಾಕಿಯದಲ್ಲ, ಪಟ್ಟಾಪಟ್ಟಿಯದು!

ಈ ಮನುಷ್ಯನನ್ನು ನಂಬಿದರೆ ಕೆಟ್ಟೆ ಎಂದು ಪೈಲಟ್‌ಗೆ ಅರ್ಥವಾಗಿರಬೇಕು. ಸೊಂಟದವರೆಗೆ ಹೊರಗೆ ಬಾಗಿ, ಧೂಳಿನ ಸಂದಿಯಲ್ಲಿ ಮಾವನನ್ನು ಕಂಡು, ಹೊರೆಯನ್ನು ಮೆಲ್ಲಗೆ ಪಕ್ಕಕ್ಕೆ ಒಯ್ದರು. ಹೋದ ಮಾನ ಉಳಿಸಿಕೊಳ್ಳಲು ನಾನು ಓಡಿಹೋಗಿ ಅದನ್ನು ತಬ್ಬಿಕೊಂಡೆ. ಅದಿನ್ನೂ ನೆಲಕ್ಕೆ ತಾಗಿರಲಿಲ್ಲ.

ತಾಗಿದ್ದು ನಾನು!

ನಾನು ಬಿದ್ದಲ್ಲಿಂದಲೇ ನೋಡುತ್ತಿದ್ದಂತೆ ಪೆಟ್ಟಿಗೆ ಸದ್ದಿಲ್ಲದೆ ಕೂತಿತು. ಒಂದು ಬಿಲ್ಲೆಯೂ ಬಿರುಕು ಬಿಟ್ಟಿರಲಿಲ್ಲ. ಆ ಯಾತನೆಯಲ್ಲೂ ನನ್ನ ಬಾಯಿಂದ "ಭಲೇ!" ಎಂಬ ಮಾತು ಹೊರಟಿತು.

ಸಂಜೆ ಹೆಲಿಕಾಪ್ಟರ್ ಶಾಲೆಯ ಮೈದಾನದಲ್ಲಿ ಇಳಿದಾಗ ಮಾವ ಹೋಗಿ ಪೈಲಟ್ ಕೈ ಹಿಡಿದುಕೊಂಡರು.

"ಎಂಥಾ ಕಣ್ಣು, ಎಂಥಾ ಕೈ ಮಾರಾಯ್ರೆ ನಿಮ್ದು! ಮದುವೆ ಆಗಿದ್ಯಾ?"

"ಆಗಿದೆ. ಯಾಕೆ ಸಾರ್?"

"ಎಂತ ಇಲ್ಲ, ಸುಮ್ನೆ ಕೇಳ್ದೆ" ಎಂದು ಮಾವ ನಿಟ್ಟುಸಿರು ಬಿಟ್ಟರು.

ಮಾವನಿಗಿರುವುದು ಒಬ್ಬಳೇ ಮಗಳು. ನನ್ನ ಪಕ್ಕದಲ್ಲೇ ನಿಂತಿದ್ದ ಅವಳೂ ನಿಟ್ಟುಸಿರು ಬಿಟ್ಟಳು!