ಹಿಮ ನಮ್ಮದು, ಬರ್ಫಿ ನಿಮ್ಮದು

ಸಖಿದಾದ್ ಬೆಳಗ್ಗೆ ಬಾಗಿಲು ತೆರೆದಾಗ ಗಲ್ಲಿ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಮೊಣಕಾಲುದ್ದ ಹಿಮ ಮಲಗಿತ್ತು. ಎರಡು ಚಳಿಗಾಲ ಕಾಬೂಲಿನ ಕಡೆ ತಲೆಯೇ ಹಾಕದ ಹಿಮ, ಮುನಿಸು ಮರೆತ ನೆಂಟನ ಹಾಗೆ ಒಂದೇ ರಾತ್ರಿಯಲ್ಲಿ ಗಂಟುಮೂಟೆ ಸಮೇತ ಬಂದಿಳಿದಿತ್ತು. ಶೋರ್ ಬಜಾರಿನ ಗದ್ದಲ ಕೇಳುತ್ತಿರಲಿಲ್ಲ. ಆ ಮೌನ ಅವನಿಗೆ ಹಿಡಿಸಿತು. ಕೇಳುತ್ತ ಅರೆಗಳಿಗೆ ನಿಂತ. ಆಮೇಲೆ ಇವತ್ತು ಯಾವ ದಿನವೆಂಬುದು ಹೊಳೆದು, ಎರಡೂ ಕೈಗಳನ್ನು ಜೇಬಿಗೆ ತುರುಕಿದ.

ವರ್ಷದ ಮೊದಲ ಹಿಮ ಬಿದ್ದ ದಿನ ಕಾಬೂಲಿನಲ್ಲಿ ಕೈ ಹೊರಗಿಟ್ಟವನು ಕೆಟ್ಟ. ಯಾರೋ ಏನನ್ನೋ ಕೊಡುತ್ತಾರೆ. ಅದರೊಳಗೆ ಒಂದು ಚೀಟಿ ಇರುತ್ತದೆ: 'ಹಿಮ ನಮ್ಮದು, ಬರ್ಫಿ ನಿಮ್ಮದು.' ಈ ಬರ್ಫಿ ಅಂಗಡಿಯ ಸಿಹಿಯಲ್ಲ, ಹಿಮದ ಔತಣ. ಚೀಟಿಯನ್ನು ಇಸಿದುಕೊಂಡೆಯೋ, ಅವರ ಕಡೆಯವರಿಗೆಲ್ಲ ಊಟ ಹಾಕುವವನು ನೀನು. ಚೀಟಿ ತಂದವನನ್ನು ತಪ್ಪಿಸಿಕೊಳ್ಳುವ ಮೊದಲೇ ಹಿಡಿದು ಮುಖಕ್ಕೆ ಮಸಿ ಬಳಿದೆಯೋ, ಊಟ ಕಳಿಸಿದವರದು. ಹಿಂದೆ ಹಿಮ ಬಿದ್ದ ವರ್ಷ ಸಖಿದಾದ್ ಪಕ್ಕದ ಮನೆಯ ಹಸುಗೂಸನ್ನು ಮುದ್ದಿನಿಂದ ಎತ್ತಿಕೊಂಡಿದ್ದ. ಚೀಟಿ ಕೂಸಿನ ಕುಲಾವಿಯಲ್ಲಿತ್ತು. ಗಲ್ಲಿಗೆಲ್ಲ ಪಲಾವು ಬಡಿಸಿ, ವಸಂತ ಬರುವ ತನಕ ತಾಯಿ ಮಗ ಟರ್ನಿಪ್ ಸಾರಿನಲ್ಲಿ ದಿನ ದೂಡಿದ್ದರು.

ಈ ಸಲ ಅದಕ್ಕಿಂತ ದೊಡ್ಡ ಚಿಂತೆಯಿತ್ತು. ಮೂವತ್ತನಾಲ್ಕು ತುಂಬಿದ ಸಖಿದಾದ್‌ಗೆ ತಾಯಿ ಹೆಣ್ಣು ಕೇಳಿ ಬಂದು ವಾರವಾಗಿತ್ತು. ಹುಡುಗಿ ಝರ್ಮೀನಾ, ಮೇಲಿನ ಗಲ್ಲಿಯ ಲೆಕ್ಕದ ಮೇಷ್ಟ್ರಾದ, ಒಂದು ಕಾಲದಲ್ಲಿ ಇವನ ಕಿವಿಯನ್ನೂ ಹಿಂಡಿದ್ದ ಉಸ್ತಾದ್ ಕರಾಮುದ್ದೀನರ ಮಗಳು. ಒಪ್ಪಿಗೆಯಾದರೆ ಹುಡುಗಿಯ ಮನೆಯವರು ಹುಡುಗನ ತಾಯಿಯನ್ನು ಕರೆಸಿ ಕಸೂತಿ ಕರವಸ್ತ್ರ ಹೊದಿಸಿದ ಮಿಠಾಯಿ ತಟ್ಟೆ ಕೊಡುತ್ತಾರೆ. "ಒಂದು ವಾರ ಕೊಡಿ" ಎಂದಿದ್ದರು ಉಸ್ತಾದರು. ಇವತ್ತು ಏಳನೆಯ ದಿನ.

"ಯಾರ ಕೈಯಿಂದಲೂ ಏನೂ ಇಸ್ಕೋಬೇಡ ಕಣೋ," ಕೆಳಗೆ ಕೆಂಡ ಇಟ್ಟ ಮೇಜಿಗೆ ಹೊದಿಸಿದ ರಜಾಯಿಯೊಳಗೆ ಕಾಲು ಚಾಚಿ ಕೂತಿದ್ದ ತಾಯಿ ಕೂಗಿದರು. "ಮದುವೆಗೆ ಅಂತ ಎತ್ತಿಟ್ಟಿರೋ ಅಕ್ಕಿ ಅದು. ಗಲ್ಲಿಯವರ ಹೊಟ್ಟೆಗೆ ಹೋಯ್ತೋ, ಹುಡುಗಿ ಒಪ್ಪಿದ್ರೂ ನಿನ್ನ ಮದುವೇಗೆ ಟರ್ನಿಪ್ಪೇ."

ಮಣ್ಣಿನ ಮಾಳಿಗೆ ಹಿಮದ ಭಾರಕ್ಕೆ ನರಳುತ್ತಿತ್ತು. ಸಖಿದಾದ್ ಮೇಲೆ ಹತ್ತಿದ. ಪಕ್ಕದ ಮಾಳಿಗೆಯಲ್ಲಿ ನಬಿ ಕಾಕಾ ಆಗಲೇ ಅರ್ಧ ಕೆಲಸ ಮುಗಿಸಿ, ಮರದ ಸಲಿಕೆಗೆ ಗಲ್ಲ ಊರಿ ನಿಂತಿದ್ದರು.

"ಸಲಿಕೆ ಬೇಕು ಅಂತಿದ್ದೆಯಲ್ಲೋ ಸಖೀ. ತಗೋ."

ಸಖಿದಾದ್ ಸಲಿಕೆಯನ್ನು ನೋಡಿದ. "ಹಿಡಿಗೆ ಬಟ್ಟೆ ಯಾಕೆ ಸುತ್ತಿದೀರ ಕಾಕಾ?"

"ಕೈ ಕೊರೆಯುತ್ತೆ ಅಂತ."

"ನನ್ನ ಕೈ ಕೊರೆಯಲ್ಲ. ನೀವೇ ಇಟ್ಕೊಳ್ಳಿ."

"ಮತ್ತೆ ಹಿಮಾನ ಏನ್ಮಾಡ್ತೀಯ, ನಾಲಿಗೇಲಿ ನೆಕ್ತೀಯಾ?"

ಸಖಿದಾದ್ ಕೆಳಗಿಳಿದು ಅಡುಗೆಮನೆಯ ಬಾಣಲೆ ತಂದ. ಬಾಣಲೆಯಲ್ಲಿ ಮಾಳಿಗೆಯ ಹಿಮ ತೆಗೆಯುವುದೆಂದರೆ ಚಮಚದಲ್ಲಿ ಬಾವಿ ಬತ್ತಿಸಿದ ಹಾಗೆ. ಒಂದು ಗಂಟೆಯಾದ ಮೇಲೂ ಬರಿಗಣ್ಣಿಗೆ ಏನೂ ವ್ಯತ್ಯಾಸ ಕಾಣದಿದ್ದಾಗ ಅವನಿಗೆ ಸಿಟ್ಟು ಬಂತು. ಅಂಚಿನಲ್ಲಿದ್ದ ದೊಡ್ಡ ಗುಡ್ಡೆಯನ್ನು ಕಾಲಿನಿಂದ ಒದ್ದ. ಅದು ಇಡಿಯಾಗಿ ಜಾರಿ, ಎದುರು ಮನೆಯ ಬಾಗಿಲಲ್ಲಿ ಬಿತ್ತು. ಆಗಷ್ಟೇ ಬಾಗಿಲು ತೆಗೆದಿದ್ದ, ಗಲ್ಲಿಗೆಲ್ಲ ಚಿಕ್ಕಮ್ಮನಾದ ಶಾಹ್ಕೋ ಖಾಲಾ ಎದೆಮಟ್ಟ ಹೂತುಹೋದರು.

"ಯಾವನೋ ಅವನು! ಬದುಕಿರೋವಾಗ್ಲೇ ಮಣ್ಣು ಮಾಡ್ತೀಯೇನೋ?"

"ತಪ್ಪಾಯ್ತು ಖಾಲಾ!" ಸಖಿದಾದ್ ಕೆಳಗೆ ಓಡಿಬಂದ.

"ತಪ್ಪು ಆಮೇಲೆ ಒಪ್ಕೊ. ಈಗ ಕೈ ಹಿಡಿದು ಎಳಿ."

ಖಾಲಾ ಕೈ ಚಾಚಿದರು. ಸಖಿದಾದ್ ತನ್ನ ಕೈಗಳನ್ನು ಮತ್ತೆ ಜೇಬಿಗೆ ತುರುಕಿದ. "ಖಾಲಾ, ಬೇಜಾರು ಮಾಡ್ಕೋಬೇಡಿ. ಮುಷ್ಟಿ ಒಂದ್ಸಲ ಬಿಚ್ಚಿ ತೋರಿಸ್ತೀರಾ?"

ಖಾಲಾ ಅವನ ವಂಶದ ಏಳು ತಲೆಮಾರನ್ನೂ ಹೆಸರು ಹಿಡಿದು ವಿಚಾರಿಸಿಕೊಂಡರು. ಕೊನೆಗೆ ಅವನು ತಲೆಯ ಪೇಟ ಬಿಚ್ಚಿ ಒಂದು ತುದಿ ಎಸೆದ. "ಇದನ್ನ ಹಿಡ್ಕೊಳ್ಳಿ. ನಾನು ಕೊಡೋದು, ನೀವು ಇಸ್ಕೊಳ್ಳೋದು. ಅದರಲ್ಲಿ ಮೋಸ ಇಲ್ಲ."

ಮೇಲೆ ಬಂದ ಖಾಲಾ ಬಟ್ಟೆ ಕೊಡವಿಕೊಳ್ಳುತ್ತ ಇಡೀ ಗಲ್ಲಿಗೆ ಕೇಳುವಂತೆ ಹೇಳಿದರು: "ಇವನಿಗೆ ಹೆಣ್ಣು ಬೇರೆ ಕೊಡ್ತಾರಂತೆ! ನಿಕಾಹ್ ದಿನ ಹೆಂಡತಿ ಮುಷ್ಟೀನೂ ಬಿಚ್ಚಿಸಿ ನೋಡ್ತಾನೆ!"

ಮಧ್ಯಾಹ್ನದ ಹೊತ್ತಿಗೆ ಅವನು ರೊಟ್ಟಿಯಂಗಡಿಯವನ ಬಿಸಿ ರೊಟ್ಟಿ ಬೇಡವೆಂದಿದ್ದ, ಏಕೆಂದರೆ ರೊಟ್ಟಿ ಮಡಿಸಿತ್ತು. ಮಸೀದಿಯ ಮುಲ್ಲಾ ಕೈಕುಲುಕಲು ಬಂದರೆ ಎದೆಯ ಮೇಲೆ ಕೈಯಿಟ್ಟು ದೂರದಿಂದಲೇ ಬಾಗಿದ್ದ. ಹೊಟ್ಟೆ ಖಾಲಿ, ತಲೆ ಒದ್ದೆ, ಮಾಳಿಗೆಯ ಹಿಮ ಇದ್ದ ಹಾಗೇ ಇತ್ತು. ಆದರೆ ಅಕ್ಕಿ ಉಳಿದಿತ್ತು. ಒಬ್ಬನೇ ಕೂತು ಅವನು ಯೋಚಿಸಿದ: ಯಾರಿಂದಲೂ ಏನನ್ನೂ ಪಡೆಯದೆ ಬದುಕುವುದು ಇಷ್ಟು ಕಷ್ಟವೇ?

ಮತ್ತೆ ಹಿಮ ಬೀಳತೊಡಗಿತು. ಆಗ ಬಾಗಿಲು ಬಡಿದ ಸದ್ದಾಯಿತು.

ಕಣ್ಣಿನ ತನಕ ಶಾಲು ಸುತ್ತಿದ ಒಬ್ಬ ಮನುಷ್ಯ. ಕೈಯಲ್ಲಿ ತಟ್ಟೆ. ಅದರ ಮೇಲಿನ ಬಟ್ಟೆ ಕಾಣದಷ್ಟು ಹಿಮ ಕೂತಿತ್ತು. ಆತ ತುಟಿ ಬಿಚ್ಚದೆ ತಟ್ಟೆ ಚಾಚಿದ. ಸಖಿದಾದ್ ಕೈ ನೀಡಲಿಲ್ಲ. ಆತ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ತಿರುಗಿ ಓಡಿದ.

ಓಡಿದ ಎನ್ನುವುದು ಮರ್ಯಾದೆಯ ಮಾತು. ಒಂದು ಕಾಲು ಕೀಳುವಷ್ಟರಲ್ಲಿ ಇನ್ನೊಂದು ಹೂತುಕೊಳ್ಳುತ್ತಿತ್ತು. ಹಿಂದೆ ಬಿದ್ದ ಸಖಿದಾದ್‌ನದೂ ಅದೇ ಪಾಡು. ಕೆಸರಿನಲ್ಲಿ ಎರಡು ಎಮ್ಮೆಗಳು ಓಟ ಕಟ್ಟಿದ ಹಾಗಿತ್ತು.

"ಹಿಡಿಯೋ ಸಖೀ! ಬಿಡಬೇಡ!" ಮಾಳಿಗೆಯಿಂದ ನಬಿ ಕಾಕಾ ಕುಣಿದರು. ಶಾಹ್ಕೋ ಖಾಲಾ ಬೆಳಗಿನ ಸಿಟ್ಟನ್ನು ಮರೆತು, ಒಲೆಯ ಕೊಳವೆ ಬಡಿದು ಒಂದು ತಟ್ಟೆ ಮಸಿ ತಂದರು. "ತಗೋ!" ಎಂದರು. ಅಷ್ಟರಲ್ಲಿ ಆತನನ್ನು ಹಿಡಿದು ನಿಲ್ಲಿಸಿದ್ದ ಸಖಿದಾದ್ "ನೆಲದ ಮೇಲಿಡಿ ಖಾಲಾ" ಎಂದು, ಅಲ್ಲಿಂದ ಬಾಚಿಕೊಂಡು, ಶಾಲಿನೊಳಗೆ ಕೈ ಹಾಕಿ ಹಣೆಯಿಂದ ಗಡ್ಡದ ತನಕ ತೃಪ್ತಿಯಾಗುವಷ್ಟು ಬಳಿದ.

ಶಾಲು ಜಾರಿತು. ಕಪ್ಪು ಮುಖದ ನಡುವೆ ಉಸ್ತಾದ್ ಕರಾಮುದ್ದೀನರ ಎರಡು ಬಿಳಿ ಕಣ್ಣು.

ಗಲ್ಲಿಯಲ್ಲಿ ಮತ್ತೆ ಮೌನ ಬಂತು. ಈ ಸಲ ಅದು ಸಖಿದಾದ್‌ಗೆ ಹಿಡಿಸಲಿಲ್ಲ. ತಿರುಗಿ ಹೊಸ್ತಿಲಿಗೆ ಹೋಗಿ ತಟ್ಟೆಯ ಹಿಮ ಕೊಡವಿದ. ಕಸೂತಿ ಕರವಸ್ತ್ರ. ಅದರಡಿ ಸಕ್ಕರೆ ಲೇಪಿಸಿದ ಬಾದಾಮಿ.

"ಈ ಹಿಮದಲ್ಲಿ ನಿಮ್ಮ ತಾಯಿ ಬರೋದು ಹೇಗೆ ಅಂತ ನಾನೇ ತಂದೆ," ಹಿಂದೆಯೇ ಬಂದ ಉಸ್ತಾದರು ಮೆಲ್ಲಗೆ ಹೇಳಿದರು.

ಸಖಿದಾದ್ ಹಿಮದಲ್ಲೇ ಮಂಡಿಯೂರಿದ. ಅವರ ಕೈಗೆ ಮುತ್ತಿಟ್ಟ. ತನ್ನದೇ ಕೈಯ ಮಸಿ ಅವನ ಮೂಗಿಗೂ ಹತ್ತಿತು. "ಉಸ್ತಾದ್, ನಾನು ಕತ್ತೆ. ಕಿವಿ ಹಿಂಡಿ, ಎರಡೂ ಹಿಂಡಿ!"

"ಹಿಂಡಿ ಏನು ಬಂತು? ತಟ್ಟೆ ಬೇಡ ಅಂದೆ. ವಾಪಸ್ ಒಯ್ತೀನಿ."

"ಅಯ್ಯೋ, ಬೇಡ ಅಂದಿದ್ಯಾರು!" ಅವನು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ತಲೆಯ ಮೇಲಿಟ್ಟುಕೊಂಡ. "ತಗೊಂಡೆ ಉಸ್ತಾದ್! ಎಲ್ಲರೂ ನೋಡಿ, ತಗೊಂಡೆ!"

"ಎಲ್ಲರೂ ನೋಡಿದ್ರಲ್ಲ?" ಉಸ್ತಾದರು ಮಾಳಿಗೆಯ ಕಡೆ ಕತ್ತೆತ್ತಿದರು.

"ನೋಡಿದ್ವಿ ಉಸ್ತಾದ್!"

"ಬಾದಾಮಿ ಕೆಳಗೊಂದು ಕಾಗದ ಇದೆ. ಗಟ್ಟಿಯಾಗಿ ಓದು."

ಸಖಿದಾದ್ ಓದಿದ. ಮುದ್ದಾದ ಅಕ್ಷರ. 'ಹಿಮ ನಮ್ಮದು, ಬರ್ಫಿ ನಿಮ್ಮದು. ಶುಕ್ರವಾರ ನಲವತ್ತು ಜನ. ಪಲಾವಿಗೆ ಒಣದ್ರಾಕ್ಷಿ ಧಾರಾಳವಾಗಿರಲಿ. ಝರ್ಮೀನಾ.'

"ಮೋಸ!" ಅವನು ಚೀರಿದ. "ನಾನು ಹಿಡಿದೆ! ಮಸಿ ಬಳಿದೆ!"

"ಹಿಡಿದೆ, ನಿಜ," ಎಂದರು ಉಸ್ತಾದರು. "ನನ್ನ ಕತೆ ಮುಗೀತು ಅಂದ್ಕೊಂಡೆ. ಅಷ್ಟರಲ್ಲಿ ನೀನು ಮಂಡಿಯೂರಿದೆ. ತಾನಾಗಿ ಬಂದಿದ್ದನ್ನ ಯಾಕೆ ಬಿಡಲಿ?"

"ಹಿಡಿದ ಕಳ್ಳನ ಕೈಗೆ ಮುತ್ತಿಟ್ಟು, ಕದ್ದ ಮಾಲನ್ನ ತಲೆ ಮೇಲೆ ಹೊತ್ಕೊಂಡವನ ಕೈಲೇ ಊಟ," ಶಾಹ್ಕೋ ಖಾಲಾ ತೀರ್ಪು ಕೊಟ್ಟರು. "ನಲವತ್ತರಲ್ಲಿ ನಾನೂ ಒಬ್ಬಳು."

ಒಳಗಿನಿಂದ ತಾಯಿ ಅಕ್ಕಿಯ ಹೆಸರು ಹೇಳಿ ಅತ್ತದ್ದು ಕೇಳಿಸಿತು.

ಸಖಿದಾದ್‌ನ ದನಿ ಸಣ್ಣದಾಯಿತು. "ಅಕ್ಕಿ ಹೋಗ್ಲಿ ಉಸ್ತಾದ್. ಈ ಕರವಸ್ತ್ರ, ಬಾದಾಮಿ... ಒಪ್ಪಿಗೆ ಅಂತ ತಾನೆ?"

ಉಸ್ತಾದರು ಗಡ್ಡ ಕೆರೆದುಕೊಂಡರು, ಬೆರಳು ಕಪ್ಪಾಯಿತು. "ಅಲ್ಲೇ ತೊಡಕು ನೋಡು. ಹುಡುಗಿ ಹೇಳಿ ಕಳಿಸಿದ್ಲು: 'ಅಪ್ಪಾ, ಅವರು ನಿಮ್ಮನ್ನ ಹಿಡಿದ್ರೆ ಚುರುಕಿನ ಆಳು, ಹೂಂ ಅಂದ್ಬಿಡಿ. ಚೀಟಿ ಇಸ್ಕೊಂಡ್ರೆ ಪೆದ್ದ, ಬೇಡ ಅನ್ನಿ.' ನೀನು ಹಿಡಿದೂ ಹಿಡಿದೆ, ಇಸ್ಕೊಂಡೂ ಇಸ್ಕೊಂಡೆ. ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟಿದೀನಿ ಮಗಾ, ಇಂಥದ್ದು ಬಂದಿರಲಿಲ್ಲ."

"ಹಾಗಾದ್ರೆ ಉತ್ತರ?"

"ಒಂದು ವಾರ ಕೊಡಿ."

ಉತ್ತರ ಇತ್ಯರ್ಥವಾಗುವ ತನಕ ಇವು ನಿನ್ನ ಮನೆಯಲ್ಲಿರುವುದು ಚೆನ್ನಾಗಿರೋಲ್ಲ ಎಂದು ಉಸ್ತಾದರು ಕರವಸ್ತ್ರ, ಬಾದಾಮಿ, ತಟ್ಟೆ ಎಲ್ಲವನ್ನೂ ವಾಪಸು ತೆಗೆದುಕೊಂಡು, ಹಿಮದಲ್ಲಿ ನಿಧಾನವಾಗಿ ಮೇಲಿನ ಗಲ್ಲಿಗೆ ಹತ್ತಿಹೋದರು. ಚೀಟಿ ಮಾತ್ರ ಸಖಿದಾದ್‌ನ ಕೈಯಲ್ಲೇ ಉಳಿಯಿತು.