ದ್ವಾದಶಿಯ ದೋಣಿ

ಬೇರೆಯವರಿಗೆ ಹೊತ್ತು ಹೋಗುತ್ತಿಲ್ಲ ಎಂದು ಕಂಡರೆ ಸಾಕು, ಅದನ್ನು ತಳ್ಳಿಕೊಡುವುದು ತಮ್ಮದೇ ಕೆಲಸ ಎಂದುಕೊಳ್ಳುವವರು ಕೆಲವರಿರುತ್ತಾರೆ. ರೈಲಿಗೆ ಕಾಯುವವರಿಗೆ ತಮ್ಮ ಪೇಪರಿನ ಅರ್ಧ ಹಾಳೆ ಕೊಡುತ್ತಾರೆ. ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದವರಿಗೆ ತಮ್ಮ ಆಪರೇಷನ್ನಿನ ಕಥೆ ಹೇಳುತ್ತಾರೆ. ನಾನೂ ಅದೇ ಪಂಗಡದವಳು. ಈ ಗುಣದಿಂದ ಯಾರಿಗೂ ಉಪಕಾರವಾದದ್ದಿಲ್ಲ. ಆದರೂ ಬಿಡಲಾಗಿಲ್ಲ.

ನಮ್ಮ ಅತ್ತೆಗೆ ಎಪ್ಪತ್ತೆಂಟು. ಮದರಾಸಿನಲ್ಲೇ ಹುಟ್ಟಿ ಬೆಳೆದವರು. ಏಕಾದಶಿಯ ದಿನ ಒಂದು ತೊಟ್ಟು ನೀರೂ ಮುಟ್ಟುವುದಿಲ್ಲ. ಮರುದಿನ ಬೆಳಗ್ಗೆಯೇ ಪಾರಣೆ ಮಾಡಿ ಊಟ ಮುಗಿಸಿಬಿಟ್ಟರೆ ನಮಗೂ ನೆಮ್ಮದಿ. ಆದರೆ ಕೆಲವು ದ್ವಾದಶಿಗಳಲ್ಲಿ ಹರಿವಾಸರ ಅಂತ ಒಂದಿರುತ್ತದೆ. ಅದು ಮುಗಿಯುವವರೆಗೆ ಬಾಯಿಗೆ ಏನೂ ಹಾಕುವ ಹಾಗಿಲ್ಲ. ಅವತ್ತು ಪಂಚಾಂಗದ ಪ್ರಕಾರ ಅದು ಮುಗಿಯುವುದು ಒಂಬತ್ತೂ ಹತ್ತಕ್ಕೆ. ಬಿ.ಪಿ. ಮಾತ್ರೆಯೂ ಊಟದ ನಂತರವೇ. ಹಿಂದೊಮ್ಮೆ ಪಾರಣೆ ತಡವಾಗಿ, ಅತ್ತೆ ದೇವರಮನೆಯ ಹೊಸಿಲಲ್ಲೇ ತಲೆ ಸುತ್ತಿ ಬಿದ್ದಿದ್ದರು. ಅದಕ್ಕೇ ನಮ್ಮವರು ಶೋಳಿಂಗನಲ್ಲೂರಿನ ಆಫೀಸ್ ಕ್ಯಾಬು ಹತ್ತುವಾಗ, "ನೋಡು, ಒಂಬತ್ತೂ ಹತ್ತು ಅಂದ್ರೆ ಎಲೆ ಹಾಕಿ ರೆಡಿ ಇರ್ಬೇಕು. ಒಂದು ನಿಮಿಷ ಆಚೆ ಈಚೆ ಆಗ್ಬಾರ್ದು" ಎಂದು ಎರಡು ಸಲ ಹೇಳಿ ಹೋಗಿದ್ದರು.

ಏಳೂವರೆಗೆಲ್ಲ ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ, ತೊವ್ವೆ ಮುಗಿಸಿ ಮುಚ್ಚಿಟ್ಟೆ. ಅತ್ತೆ ಗಡಿಯಾರದ ಎದುರು ಕೂತಿದ್ದರು. ಮುಚ್ಚಿದ ಪಾತ್ರೆಯಿಂದಲೂ ಸೊಪ್ಪಿನ ವಾಸನೆ ಬರುತ್ತಿತ್ತು. "ಎಷ್ಟಮ್ಮಾ ಗಂಟೆ?" ಎಂದು ಐದು ನಿಮಿಷಕ್ಕೊಮ್ಮೆ ಕೇಳುತ್ತಿದ್ದರು, ಗಡಿಯಾರವನ್ನೇ ನೋಡುತ್ತಾ. ನನ್ನ ಗುಣ ಎದ್ದು ಕೂತಿತು.

"ಅತ್ತೆ, ಏರಿ ಪಾರ್ಕಿಗೆ ಹೋಗಿ ಬರೋಣವಾ? ದೋಣಿ ಬಿಟ್ಟಿದಾರಂತೆ."

ತಾಂಬರಂ ಕಡೆಯ ನಮ್ಮ ಬಡಾವಣೆಯ ಏರಿಗೆ, ಅಂದರೆ ಕೆರೆಗೆ, ಈಚೆಗೆ ಕಲ್ಲು ಕಟ್ಟಿಸಿ, ಬೆಂಚು ಹಾಕಿ, ನಾಲ್ಕು ಬಾಡಿಗೆ ದೋಣಿ ಇಟ್ಟಿದ್ದಾರೆ. ಅತ್ತೆ ಯೋಚಿಸಿ, "ಸರಿ ನಡಿ. ಹೇಗೂ ಸುಮ್ನೆ ಕೂತಿರ್ತೀನಿ, ಸಾವಿರದೆಂಟು ಜಪ ಮುಗಿಸ್ಕೊಂಬಿಡ್ತೀನಿ" ಎಂದರು.

ಅತ್ತೆಯ ಜಪದ ನಿಯಮ ಗೊತ್ತಿದ್ದೂ ನಾನು ತಲೆಯಾಡಿಸಿದೆನಲ್ಲ, ಅದೇ ತಪ್ಪು. ನಡುವೆ ಒಂದು ಮಾತಾಡಿದರೂ ಮತ್ತೆ ಒಂದರಿಂದ ಎಣಿಸಬೇಕು.

ದೋಣಿಯ ಸೆಲ್ವಂ ನಮಗೆ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿದ. ಅತ್ತೆ ಅದರ ಮೇಲೆ ಸೆರಗು ಹೊದ್ದುಕೊಂಡರು. ಗುಬ್ಬಿಯಂಥ ಹೆಂಗಸು ಒಂದೇ ಗಳಿಗೆಯಲ್ಲಿ ಗುಡಾಣದಂತಾದರು. "ನಾ ವರಟ್ಟುಮಾಮ್ಮಾ?" ನಾನೂ ಬರಲೇ ಎಂದು ಸೆಲ್ವಂ ಕೇಳಿದ. ಬೇಡ, ನನಗೆ ಬರುತ್ತದೆ ಎಂದೆ. ಮೈಸೂರಿನಲ್ಲಿ ಚಿಕ್ಕವಳಿದ್ದಾಗ ಅಣ್ಣ ಹುಟ್ಟು ಹಾಕುತ್ತಿದ್ದರೆ ಎದುರು ಕೂತು ಕಡಲೆಕಾಯಿ ತಿಂದ ಅನುಭವ ನನ್ನದು.

ಹುಟ್ಟು ಹಿಡಿದವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು ಎನ್ನುವುದು ಕಡಲೆಕಾಯಿ ತಿನ್ನುವವರ ಗಮನಕ್ಕೆ ಬರುವುದಿಲ್ಲ. ಈಗ ನನಗೆ ಕಾಣುತ್ತಿದ್ದದ್ದು ದೂರವಾಗುತ್ತಿದ್ದ ದಡ ಮತ್ತು ಅತ್ತೆ. ಮುಂದೇನಿದೆ ಎಂದು ಕಾಣುತ್ತಿದ್ದದ್ದು ಅತ್ತೆಗೆ ಮಾತ್ರ. ಅವರೋ ಸೆರಗಿನೊಳಗೆ ಬೆರಳು ಎಣಿಸುತ್ತಾ ತುಟಿ ಅಲ್ಲಾಡಿಸುತ್ತಿದ್ದರು. ಕಾಣುವವರು ಮಾತಾಡುವ ಹಾಗಿಲ್ಲ. ಮಾತಾಡಬಲ್ಲ ನನಗೆ ಕಾಣುವುದಿಲ್ಲ. ತಿರುಗಿ ನೋಡೋಣವೆಂದರೆ ದೋಣಿ ವಾಲುತ್ತಿತ್ತು.

ಸ್ವಲ್ಪ ಹೊತ್ತಿಗೆ ಅತ್ತೆ ಕಣ್ಣು ಅಗಲಿಸಿದರು. ಭಕ್ತಿ ಉಕ್ಕಿತು ಅಂದುಕೊಂಡೆ. ಇನ್ನಷ್ಟು ಅಗಲಿಸಿ, ಹುಬ್ಬು ಹಣೆಗೇರಿಸಿ, "ಹ್ಞೂಂ! ಹ್ಞೂಂ!" ಎಂದರು. ಹೆಮ್ಮೆಯಿಂದ ಇನ್ನೂ ಜೋರಾಗಿ ಹುಟ್ಟು ಹಾಕಿದೆ. ಸರ್ರನೆ ಸದ್ದಾಗಿ ದೋಣಿ ನಿಂತಿತು. ಸುತ್ತ ಎಲ್ಲಿ ನೋಡಿದರೂ ಅಂತರಗಂಗೆ ಕಳೆ. ಹುಟ್ಟು ಎತ್ತಿದರೆ ಕಂತೆ ಕಂತೆ ಬೇರು ಬರುತ್ತಿತ್ತು. ಕೈಗಡಿಯಾರ ನೋಡಿದೆ, ಎಂಟೂ ನಲವತ್ತು.

ಎಳೆದೆ, ತಳ್ಳಿದೆ, ಹುಟ್ಟಿನಿಂದ ಬಡಿದೆ. ದೋಣಿ ಇದ್ದಲ್ಲೇ ಒಂದು ಸುತ್ತು ತಿರುಗಿತು. "ಸೆಲ್ವಂ!" ಎಂದು ಕೂಗಿದೆ, ನನ್ನ ಗಂಟಲು ಆ ನೀರು ದಾಟುವಷ್ಟಿಲ್ಲ. ಮೊಬೈಲು ಮನೆಯಲ್ಲಿ ಚಾರ್ಜಿಗೆ. ಎಂಟೂ ಐವತ್ತು. ಬಿಸಿಲು ಅತ್ತೆಯ ಮುಖಕ್ಕೇ ಬಡಿಯುತ್ತಿತ್ತು. ತುಟಿ ಒಣಗಿ ಬೆಳ್ಳಗಾಗಿತ್ತು. ಸುತ್ತ ಇಷ್ಟು ನೀರು, ನಡುವೆ ನಿನ್ನೆಯಿಂದ ಗುಟುಕು ನೀರು ಕುಡಿಯದ ಮುದುಕಿ. ಕೂರಿಸಿಕೊಂಡು ಬಂದವಳು ನಾನು.

"ಅತ್ತೆ, ಜಪ ಬಿಟ್ಟು ಒಂದು ಮಾತಾಡಿ" ಎಂದೆ. ಇಲ್ಲ. ಆಮೇಲೆ ತುಟಿಯೂ ನಿಂತಿತು. ತಲೆ ಮೆಲ್ಲಗೆ ಮುಂದಕ್ಕೆ ಬಾಗಿತು. ನನ್ನ ಕೈಯಿಂದ ಹುಟ್ಟು ಜಾರಿತು. ಮದುವೆಯಾಗಿ ಬಂದಾಗಿನಿಂದ, ಇವರು ಒಂದು ದಿನ ಸುಮ್ಮನಿರಬಾರದೇ ಎಂದು ಎಷ್ಟು ಸಲ ಅಂದುಕೊಂಡಿದ್ದೆನೋ! ಈಗ ಬೈಯಲಿ, ಹಂಗಿಸಲಿ, ನನ್ನ ತವರಿನ ಸಾರಿಗೆ ಹೆಸರಿಡಲಿ, ಬಾಯಿ ಬಿಟ್ಟರೆ ಸಾಕು ಅನ್ನಿಸಿ, "ಅತ್ತೇ!" ಎಂದು ಅವರ ಮಂಡಿ ಹಿಡಿದು ಅಲ್ಲಾಡಿಸಿದೆ.

ಬಾಗಿದ ತಲೆ ಎದ್ದಿತು. "ಜಪ ಮುಗಿದ ಮೇಲೆ ನಮಸ್ಕಾರ ಮಾಡಕ್ಕೂ ಬಿಡಲ್ವಲ್ಲೇ! ಹಸಿರಗೆ ಇಷ್ಟಗಲ ಇದೆ, ಅದರೊಳಗೇ ನುಗ್ಗಿಸ್ತಾಳೆ! ಎಷ್ಟು ಸಲ ಕಣ್ಣು ಬಿಟ್ಟೆ? ನಿನ್ನನ್ನ ಮೆಚ್ಕೊಂಡು ಬಿಟ್ಟೆ ಅಂತ ನೆನೆಸ್ಕೊಂಡ್ಯಾ?"

ನಾನು ಅಳುತ್ತಾ ನಗುತ್ತಿದ್ದೆ. ಅತ್ತೆ ದಡದ ಕಡೆ ತಿರುಗಿ, "ಎಪ್ಪಾ ಸೆಲ್ವಂ! ಇಂಗ ವಾಪ್ಪಾ!" ಎಂದು ಅವನನ್ನು ಕೂಗಿ ಕರೆದರು. ದೇವರಮನೆಯಲ್ಲಿ ಕೂತು ಎರಡು ಕೋಣೆ ಆಚೆಯ ಅಡುಗೆಮನೆಯನ್ನು ನಡೆಸಿದ ದನಿ ಅದು. ದಡದ ಬೆಂಚಿನಲ್ಲಿ ಕೂತವರೆಲ್ಲ ಎದ್ದು ನಿಂತರು. ಸೆಲ್ವಂ ಇನ್ನೊಂದು ದೋಣಿಯಲ್ಲಿ ಬಂದು ಹಗ್ಗ ಕಟ್ಟಿ ನಮ್ಮನ್ನು ಎಳೆದುಕೊಂಡು ಹೋದ. ದಾರಿಯುದ್ದಕ್ಕೂ ಅತ್ತೆ ಅವನಿಗೆ ದಾರಿ ಹೇಳಿದರು.

ಒಂಬತ್ತೂ ಹನ್ನೊಂದಕ್ಕೆ ಎಲೆ ಹಾಕಿದೆ. ಅತ್ತೆ ಎರಡನೇ ಸಲ ಸೊಪ್ಪು ಬಡಿಸಿಕೊಂಡು ಮಾತ್ರೆ ನುಂಗಿದರು. ಮಗನಿಗೆ ಮಾತ್ರ ಏನೂ ಹೇಳಲಿಲ್ಲ, ಅದು ಅವರ ದೊಡ್ಡತನ.

ಅವತ್ತಿನಿಂದ ನನಗೊಂದು ಹೊಸ ಅಭ್ಯಾಸ. ಜಪದ ನಡುವೆ ಅತ್ತೆ ಕಣ್ಣು ಅಗಲಿಸಿದರೆ, ಇದ್ದ ಕೆಲಸ ಬಿಟ್ಟು ಮೊದಲು ಹಿಂದೆ ತಿರುಗಿ ನೋಡುತ್ತೇನೆ. ನಿನ್ನೆ ಬೆಳಗ್ಗೆ ನಾನು ಸಾರಿಗೆ ಉಪ್ಪು ಹಾಕುತ್ತಿದ್ದಾಗ ಬಾಗಿಲಲ್ಲಿ ಕೂತು ಹಾಗೇ ಕಣ್ಣು ಬಿಟ್ಟರು. ತಿರುಗಿ ನೋಡಿದೆ. ಹಾಲು ಉಕ್ಕಿರಲಿಲ್ಲ, ಬೆಕ್ಕು ಬಂದಿರಲಿಲ್ಲ, ನಲ್ಲಿ ಸೋರುತ್ತಿರಲಿಲ್ಲ. ಮತ್ತೆ ಕಣ್ಣು ಬಿಟ್ಟರು, ಮತ್ತೆ ತಿರುಗಿದೆ. ಜಪ ಮುಗಿದ ಮೇಲೆ, "ಅತ್ತೆ, ಹಿಂದೆ ಏನಿತ್ತು?" ಎಂದು ಕೇಳಿದೆ.

"ಹಿಂದೆ ಏನಿತ್ತು? ಏನೂ ಇಲ್ಲ. ಎರಡನೇ ಸಲ ಉಪ್ಪು ಹಾಕ್ತಿದ್ಯಲ್ಲ, ನಿನ್ನನ್ನೇ ನೋಡಿದ್ದು" ಎಂದರು.